ಮಾಲೂರಿನಲ್ಲಿ ಆಡಿಸಿದ ತಲೆ

ಟೇಕಲ್
6 ಮಾರ್ಚ್ 2025

ತಂಗಿ ಭಾರತಮ್ಮನಿಗೆ ಅಣ್ಣ ಕೋದಂಡರಾಮಪ್ಪ ಬರೆದದ್ದು.

ಇಲ್ಲಿ ನಾನೂ ನಿನ್ನ ಅತ್ತಿಗೆಯೂ ಚೆನ್ನಾಗಿದ್ದೇವೆ. ಸುನಂದಳ ಮಂಡಿನೋವು ಮಾತ್ರ ನಮ್ಮ ಮನೆಯ ಮೂರನೇ ಆಸಾಮಿ ಆಗಿಬಿಟ್ಟಿದೆ. ಎಲ್ಲಿಗೆ ಹೊರಟರೂ ಅದನ್ನು ಕೇಳಿಯೇ ಹೊರಡಬೇಕು.

ಫೋನು ಇರುವಾಗ ಕಾಗದ ಯಾಕೆ ಎಂದು ನಗಬೇಡ. ಮೊಮ್ಮಗಳು ಮೇಘನಳ ಮದುವೆ ಮುಗಿದು ಮೂರು ವಾರವಾಯಿತು. ಅಷ್ಟರಲ್ಲಿ ನಿನಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಒಂಬತ್ತು ಸಲ ನೀನು ಎತ್ತಲೇ ಇಲ್ಲ. ಎರಡು ಸಲ ಎತ್ತಿ, ‘ಹೂಂ ಅಣ್ಣ, ಆಯ್ತಣ್ಣ’ ಎಂದು ಇಟ್ಟುಬಿಟ್ಟೆ. ನಾನು ಕೇಳಿದ್ದು ಈ ಸಲ ರೇಷ್ಮೆಗೂಡಿಗೆ ಏನು ರೇಟು ಸಿಕ್ಕಿತು ಎಂದು. ಅದಕ್ಕೆ ಹೂಂ ಎನ್ನುವುದು ಯಾವ ಸೀಮೆಯ ಉತ್ತರ?

ಕೋಪವಿದ್ದರೆ ಬರೆದು ತಿಳಿಸು. ಮಾಲೂರಿನ ಛತ್ರದಲ್ಲಿ ನಿನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದ್ದಕ್ಕೆ ಬೇಸರವೇ? ನೀನು ಚಿಕ್ಕಪ್ಪನ ಮಗಳೆಂದು ನಾನು ಯಾವತ್ತೂ ಎಣಿಸಿದವನಲ್ಲ. ಒಂದೇ ಒಲೆಯ ಮುದ್ದೆ ತಿಂದು ಬೆಳೆದವರು ನಾವು.

ಇಲ್ಲಿ ಮಾರ್ಚಿ ತಿಂಗಳ ಗಲಾಟೆ. ಊರಿನವರೆಲ್ಲ ಪಂಚಾಯಿತಿ ಕಂದಾಯದ ಚೀಟಿ ಹಿಡಿದುಕೊಂಡು ನನ್ನ ಜಗಲಿಗೆ ಬರುತ್ತಾರೆ. ಓದಿದ್ದು ಏಳನೇ ಕ್ಲಾಸು, ಆದರೂ ಅವರ ಪಾಲಿಗೆ ನಾನೇ ವಕೀಲ. ನನ್ನ ಕಥೆಯನ್ನೇ ನೋಡು. ರೈಲ್ವೆಯಲ್ಲಿ ಹಳಿ ನೋಡುವ ಕೀಮನ್ ಆಗಿ ಮೂವತ್ತೆಂಟು ವರ್ಷ ದುಡಿದೆ, ತೆರಿಗೆ ಕಟ್ಟುವಂಥ ಸಂಬಳ ಬರಲಿಲ್ಲ. ಈಗ ಸುಮ್ಮನೆ ಕೂತಿದ್ದೇನೆ, ‘ನನ್ನ ಬಡ್ಡಿಗೆ ತೆರಿಗೆ ಹಿಡಿಯಬೇಡಿ’ ಎಂದು ವರ್ಷವರ್ಷವೂ ಬ್ಯಾಂಕಿಗೆ ಬರೆದುಕೊಡಬೇಕು.

ಅಂದಹಾಗೆ, ಛತ್ರದಲ್ಲಿ ಕೈ ತೊಳೆಯುವಾಗ ನಾನು ಕೇಳಿದ ವಿಷಯಕ್ಕೆ ನೀನು ಒಪ್ಪಿದ್ದು ನನಗೆ ಬಹಳ ಸಮಾಧಾನ. ಮುನೇಶನಿಗೆ ಅವತ್ತೇ ಹೇಳಿದೆ. ನಿನ್ನ ಮಗನ ಮುಖ ಅರಳಿತು.

ಉತ್ತರ ಬರೆ. ಇಲ್ಲದಿದ್ದರೆ ಹನ್ನೆರಡನೇ ಸಲ ಫೋನ್ ಮಾಡುತ್ತೇನೆ.

ನಿನ್ನ ಅಣ್ಣ

*

ತಾಯಲೂರು
14 ಮಾರ್ಚ್ 2025

ಅಣ್ಣನಿಗೆ ಭಾರತಮ್ಮನ ನಮಸ್ಕಾರ.

ನಿನ್ನ ಕಾಗದ ಬಂದಾಗ ಪೋಸ್ಟಿನವನೇ ಆಶ್ಚರ್ಯಪಟ್ಟ. ಬ್ಯಾಂಕಿನವರದಲ್ಲದ ಕವರು ಕೊಟ್ಟು ಎರಡು ವರ್ಷವಾಯಿತಂತೆ. ಕೋಪ ಎಂಥದ್ದು? ಎರಡನೇ ಪಂಕ್ತಿಯಲ್ಲಿ ಪಾಯಸ ಇನ್ನೂ ಬಿಸಿಯಾಗಿತ್ತು.

ಫೋನು ಎತ್ತದ್ದಕ್ಕೆ ಕಾರಣ ಬೇರೇನೂ ಇಲ್ಲ, ನಮ್ಮ ಕಡೆ ಸಿಗ್ನಲ್ ಸರಿಯಿಲ್ಲ. ಜೊತೆಗೆ ಹುಳು ಮೂರನೇ ಜ್ವರದಿಂದ ಎದ್ದಿವೆ. ಮೂರನೇ ಸಲ ಪೊರೆ ಬಿಟ್ಟ ಮೇಲೆ ಅವುಗಳ ಹಸಿವು ನಿನಗೆ ಗೊತ್ತಿಲ್ಲ. ಗಾಡಿ ಸೊಪ್ಪು ಹಾಕಿದರೂ ಮಧ್ಯಾಹ್ನಕ್ಕೆ ಬರೀ ಕಡ್ಡಿ. ಸೊಸೆ ದಿವ್ಯ ಸೊಪ್ಪು ತರುತ್ತಾಳೆ, ಹಾಸುವುದು ನನ್ನ ಕೈಯೇ. ಹುಳುಮನೆಯೊಳಗೆ ಇನ್ನೊಬ್ಬರ ಕೈ ನಾನು ಬಿಡುವುದಿಲ್ಲ.

ನನಗೊಬ್ಬಳು ಹೊಸ ಸ್ನೇಹಿತೆ ಸಿಕ್ಕಿದ್ದಾಳೆ. ಹೆಸರು ತ್ರಿವೇಣಿ, ಶ್ರೀನಿವಾಸಪುರದ ಕಡೆಯವಳು. ರೇಷ್ಮೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಸುಣ್ಣದ ಪುಡಿ ಯಾವಾಗ ಹಾಕಬೇಕು ಎಂದು ಕೇಳಿದ್ದಳು, ನಾನು ಹೇಳಿದೆ. ಅವತ್ತಿನಿಂದ ದಿನಕ್ಕೆ ಹತ್ತು ಸಲ ಬರೆಯುತ್ತಾಳೆ. ತೆಲುಗಿನಲ್ಲಿ ಚಿಕ್ಕಮ್ಮ ಎನ್ನುವ ಹಾಗೆ ನನ್ನನ್ನು ಪಿನ್ನಮ್ಮ ಎನ್ನುತ್ತಾಳೆ. ನಾನು ಅವಳ ಮುಖ ನೋಡಿಲ್ಲ, ಫೋಟೋ ಜಾಗದಲ್ಲಿ ಮಾವಿನ ಗೊಂಚಲು ಇಟ್ಟಿದ್ದಾಳೆ. ಮೊನ್ನೆ ಅವಳ ಅತ್ತೆಯ ಬಗ್ಗೆ ಎರಡು ಪುಟ ಬೈದು ಬರೆದಳು. ಓದುತ್ತಾ ಒಬ್ಬಳೇ ನಕ್ಕೆ. ದಿವ್ಯ ನನ್ನನ್ನು ಒಂಥರಾ ನೋಡಿದಳು.

ನನ್ನ ಬಡ್ಡಿಗೂ ಆ ತೆರಿಗೆಯ ಕಾಗದ ಕಳಿಸು, ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಮಾಡು.

ಛತ್ರದ ವಿಷಯ ನೀನು ಹೇಳಿದ ಮೇಲೆ ಸರಿಯೇ. ಅತ್ತಿಗೆಯ ಮಂಡಿಗೆ ಹುಚ್ಚೆಳ್ಳೆಣ್ಣೆ ಬಿಸಿ ಮಾಡಿ ಹಚ್ಚಲಿ.

ಭಾರತಮ್ಮ

*

ಟೇಕಲ್
21 ಮಾರ್ಚ್ 2025

ತಂಗಿ ಭಾರತಮ್ಮನಿಗೆ,

ನಿನ್ನ ಕಾಗದವನ್ನು ಸುನಂದಳಿಗೆ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಅವಳೇ ಹಿಡಿದಳು. “ಏನ್ರೀ, ಸಿಗ್ನಲ್ ಇಲ್ದಿರೋ ಊರಿಗೆ ಆ ಹುಡುಗಿ ದಿನಕ್ಕೆ ಹತ್ತು ಮೆಸೇಜು ಹೆಂಗೆ ಕಳಿಸ್ತಾಳೆ?” ಎಂದಳು. ಇದಕ್ಕೆ ಉತ್ತರ ನೀನೇ ಬರೆ.

ಆ ತ್ರಿವೇಣಿಯ ವಿಷಯದಲ್ಲಿ ಹುಷಾರು. ಮಾವಿನ ಗೊಂಚಲಿನ ಹಿಂದೆ ಗಂಡಸು ಇದ್ದಾನೋ ಹೆಂಗಸು ಇದ್ದಾಳೋ ಯಾರಿಗೆ ಗೊತ್ತು. ಬ್ಯಾಂಕಿನ ನಂಬರು, ಆಧಾರ್ ನಂಬರು ಯಾವುದನ್ನೂ ಕೊಡಬೇಡ. ನಮ್ಮದೂ ಒಂದು ಗುಂಪಿದೆ, ರಿಟೈರ್ ಆದ ರೈಲ್ವೆಯವರದು. ಬೆಳಗಾದರೆ ಎಲ್ಲರೂ ಗುಲಾಬಿ ಹೂವಿನ ಶುಭೋದಯ ಕಳಿಸುತ್ತಾರೆ. ಮೊದಲು ನನಗೆ ಕಿರಿಕಿರಿಯಾಗುತ್ತಿತ್ತು. ಆಮೇಲೆ ಅರ್ಥವಾಯಿತು, ಅದು ನಮ್ಮ ಹಾಜರಿ. ಎರಡು ದಿನ ಗುಲಾಬಿ ಬರದಿದ್ದರೆ ಅವನ ಮನೆಗೆ ಫೋನ್ ಮಾಡುತ್ತೇವೆ. ಈ ವರ್ಷ ಮೂರು ಸಲ ಮಾಡಿದೆವು. ಎರಡು ಸಲ ಚಾರ್ಜರ್ ಕೆಟ್ಟಿತ್ತು.

ನೀನು ಕೇಳಿದ ತೆರಿಗೆಯ ಕಾಗದ, ಹದಿನೈದು ಎಚ್ ನಮೂನೆ, ಇದರ ಜೊತೆ ಇಟ್ಟಿದ್ದೇನೆ. ಪೆನ್ಸಿಲ್ ಗುರುತು ಇರುವಲ್ಲಿ ಸಹಿ ಹಾಕಿ ಏಪ್ರಿಲ್ ಮೊದಲ ವಾರ ಬ್ಯಾಂಕಿಗೆ ಕೊಡು.

ಯುಗಾದಿಗೆ ಮುಂಚೆಯೇ ಅರುಣ್‌ಕುಮಾರ್ ನಿನ್ನ ಹುಳುಮನೆಯ ಅಳತೆಗೆ ಬರುತ್ತಾನಂತೆ, ಮುನೇಶ ಫೋನ್ ಮಾಡಿದ್ದ. ಟೊಮೇಟೊ ಮಂಡಿಯ ಹುಡುಗ, ಒಳ್ಳೆಯವನೇ. ಜೂನ್ ಒಂದರಿಂದ ಅವನ ಕ್ರೇಟುಗಳ ಗೋಡೌನು ಆಗಿಬಿಟ್ಟರೆ ನಿನಗೂ ಬಿಡುವು. ಅರವತ್ತೇಳು ವರ್ಷಕ್ಕೆ ಹುಳುವಿನ ಹಿಂದೆ ಯಾಕೆ ಓಡಬೇಕು? ನೀನು ಹಟ ಮಾಡುತ್ತೀಯ ಎಂದು ಮುನೇಶ ಹೆದರಿದ್ದ. ‘ನೀನೇ ಕೇಳು ಮಾವ’ ಎಂದು ನನ್ನನ್ನು ಮುಂದೆ ಬಿಟ್ಟಿದ್ದ. ನೀನು ಒಂದೇ ಮಾತಿಗೆ ಒಪ್ಪಿದ್ದು ನೋಡಿ ನನಗೇ ಆಶ್ಚರ್ಯವಾಯಿತು.

ಹಬ್ಬ ಚೆನ್ನಾಗಿ ಮಾಡಿ.

ಅಣ್ಣ

*

ತಾಯಲೂರು
1 ಏಪ್ರಿಲ್ 2025

ಅಣ್ಣ,

ನಿನ್ನ ಕಾಗದ ಬಂದದ್ದು ಶನಿವಾರ. ಟೇಪು ಹಿಡಿದುಕೊಂಡು ಇಬ್ಬರು ಬಂದದ್ದು ಶುಕ್ರವಾರ. ಎರಡು ದಿನ ಮುಂಚೆ ಬಂದಿದ್ದರೆ ನಿನ್ನ ಕಾಗದಕ್ಕೆ ಪುಣ್ಯ ಬರುತ್ತಿತ್ತು.

ಹುಳು ಹಣ್ಣಾಗಿ ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತಿದ್ದವು. ಆ ಹೊತ್ತಿನಲ್ಲಿ ನಾನು ಮನೆಮಗನನ್ನೂ ಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. ಅವರು ಚಪ್ಪಲಿಗಾಲಿನಲ್ಲಿ ಬಂದು ಗೋಡೆಗೆ ಟೇಪು ಹಿಡಿದರು. ನಾನು ತಡೆದೆ. ಎಲ್ಲರೆದುರಿಗೆ ಮುನೇಶ ನನ್ನ ಮುಖ ನೋಡಿ ಹೇಳಿದ, “ನೀನೇ ಒಪ್ಕೊಂಡೆ ಅಲ್ವಾಮ್ಮ, ಈಗ ಯಾಕಿಂಗೆ?”

ನಾನು ಯಾವತ್ತು ಒಪ್ಪಿಕೊಂಡೆ? ನಿನ್ನ ಬಾಯಿಂದ ಆ ಮಾತು ಹೇಗೆ ಬಂತು? ಆ ಮನೆ ಕಟ್ಟುವಾಗ ನಮ್ಮ ಯಜಮಾನರು ಬದುಕಿದ್ದರು. ಅವರು ಹೋಗಿ ಹದಿನಾಲ್ಕು ವರ್ಷ ಆ ಹುಳು ಸಾಕಿಯೇ ಈ ಸಂಸಾರ ನಡೆಸಿದ್ದೇನೆ. ಯಾರನ್ನೂ ಕೇಳಲು ಹೋಗಲಿಲ್ಲ, ನಿನ್ನನ್ನೂ ಸೇರಿಸಿ.

ಹದಿನೈದು ಎಚ್ ಸಹಿ ಹಾಕಿದ್ದೇನೆ.

ಭಾರತಮ್ಮ

*

ಟೇಕಲ್
7 ಏಪ್ರಿಲ್ 2025

ಭಾರತಮ್ಮನಿಗೆ,

ಸುಳ್ಳು ಹೇಳಿ ನಿನ್ನ ಮನೆ ಕೊಡಿಸುವ ಅಣ್ಣನಲ್ಲ ನಾನು. ಆದದ್ದನ್ನು ಆದಂತೆ ಬರೆಯುತ್ತೇನೆ, ಆಮೇಲೆ ನೀನೇ ತೀರ್ಮಾನಿಸು.

ಊಟವಾದ ಮೇಲೆ ಕೈ ತೊಳೆಯುವ ನಲ್ಲಿಯ ಹತ್ತಿರ ನೀನು ನಿಂತಿದ್ದೆ. ಬ್ಯಾಂಡಿನವರು ಬಾರಿಸುತ್ತಿದ್ದರು. ನಾನು ಪಕ್ಕಕ್ಕೆ ಬಂದು, ‘ಹುಳುಮನೆ ಗೋಡೌನಿಗೆ ಕೊಟ್ಟುಬಿಡೋಣ ಅಂತಾನೆ ಮುನೇಶ, ಏನಂತೀಯ?’ ಎಂದೆ. ನೀನು ತಲೆ ಆಡಿಸಿದೆ. ‘ಮನಸಾರೆ ಹೇಳ್ತಿದೀಯ ತಾನೇ?’ ಎಂದೆ. ಆಗಲೂ ಆಡಿಸಿದೆ, ನಕ್ಕೆ ಕೂಡ. ಇನ್ನು ನಾನು ಛಾಪಾ ಕಾಗದ ತರಬೇಕಿತ್ತೇ? ಇಷ್ಟು ಸಾಲದೆಂದು ಮಾರ್ಚ್ ಹದಿನಾಲ್ಕರ ಕಾಗದದಲ್ಲಿ ‘ನೀನು ಹೇಳಿದ ಮೇಲೆ ಸರಿಯೇ’ ಎಂದು ನಿನ್ನ ಕೈಯಾರೆ ಬರೆದಿದ್ದೀಯ. ಕಾಗದ ನನ್ನ ಎದುರಿಗಿದೆ.

ಮನಸ್ಸು ಬದಲಾಗಿದ್ದರೆ ಬದಲಾಯಿತು ಎನ್ನು. ನಾನೇ ಮುನೇಶನ ಹತ್ತಿರ ಮಾತಾಡುತ್ತೇನೆ. ಆದರೆ ಒಪ್ಪಲೇ ಇಲ್ಲ ಎಂದರೆ, ಎಪ್ಪತ್ತೆರಡನೇ ವರ್ಷದಲ್ಲಿ ನಾನು ಸುಳ್ಳುಗಾರ ಆಗುತ್ತೇನೆ.

ಕೋದಂಡರಾಮಪ್ಪ

*

ತಾಯಲೂರು
29 ಏಪ್ರಿಲ್ 2025

ಅಣ್ಣನಿಗೆ,

ನೀನು ಸುಳ್ಳುಗಾರನಲ್ಲ. ತಲೆ ಆಡಿಸಿದ್ದು ನಿಜವಿರಬೇಕು. ನಾನು ಈಗ ಎಲ್ಲದಕ್ಕೂ ತಲೆ ಆಡಿಸುತ್ತೇನೆ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಈಗ ಹರಿಯುವುದಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ ಅಣ್ಣ.

ಪೂರ್ತಿ ಅಲ್ಲ. ಎದುರಿಗೆ ಕೂತು ಒಬ್ಬರೇ ನಿಧಾನವಾಗಿ ಮಾತಾಡಿದರೆ ಬಾಯಿ ನೋಡಿಕೊಂಡು ಮುಕ್ಕಾಲು ಪಾಲು ತಿಳಿಯುತ್ತದೆ. ನಾಲ್ಕು ಜನ ಸೇರಿದರೆ ಏನೂ ಇಲ್ಲ. ಫೋನಿನಲ್ಲಿ ಗೊರಗೊರ ಅಷ್ಟೇ. ಸಿಗ್ನಲ್ ಚೆನ್ನಾಗಿಯೇ ಇದೆ, ಅತ್ತಿಗೆಗೆ ಹೇಳು.

ಗೊತ್ತಾದದ್ದು ಡಿಸೆಂಬರಿನ ಬೆಳೆಯಲ್ಲಿ. ಐದನೇ ಹಂತದ ಹುಳು ಸೊಪ್ಪು ತಿನ್ನುವಾಗ ಇಡೀ ಮನೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿಯೇ ನಾವು ಹುಳುವಿನ ಆರೋಗ್ಯ ಹೇಳುವುದು. ಸದ್ದು ಕುಗ್ಗಿದರೆ ರೋಗ ಹೊಕ್ಕಿದೆ ಎಂದೇ ಲೆಕ್ಕ. ಅವತ್ತು ಬೆಳಗ್ಗೆ ಸೊಪ್ಪು ಹಾಸಿ ನಿಂತೆ, ಏನೂ ಕೇಳಿಸಲಿಲ್ಲ. ಬೆಳೆ ಹೋಯಿತು ಎಂದು ಹೊಸ್ತಿಲ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಕೂತೆನೋ. ಎದ್ದು ನೋಡಿದರೆ ತಟ್ಟೆಗಳಲ್ಲಿ ಬರೀ ಎಲೆಯ ನರ ಉಳಿದಿತ್ತು. ಹುಳು ಗಟ್ಟಿಮುಟ್ಟಾಗಿದ್ದವು. ಕೆಟ್ಟಿದ್ದು ನಾನು.

ಆವತ್ತಿನಿಂದ ತಲೆ ಆಡಿಸುವುದನ್ನು ಕಲಿತೆ. ಅವರ ಮುಖ ನಗುತ್ತಿದ್ದರೆ ನಾನೂ ನಗುವುದು. ಕೇಳುವಂತಿದ್ದರೆ ಹೂಂ ಎನ್ನುವುದು. ಬ್ಯಾಂಕಿನ ಹುಡುಗಿ ಏನೋ ಕೇಳಿದಳು, ತಲೆ ಆಡಿಸಿ ಬಂದೆ. ಹದಿನೈದು ದಿನಕ್ಕೆ ಮನೆಗೆ ಎಟಿಎಂ ಕಾರ್ಡು ಬಂತು. ನಿನ್ನ ಕಾಗದದಲ್ಲಿ ‘ಛತ್ರದಲ್ಲಿ ಕೇಳಿದ ವಿಷಯ’ ಎಂದು ಇತ್ತಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಯಾವ ವಿಷಯ ಎಂದು ಕೇಳಿದರೆ ಕಿವಿಯ ಗುಟ್ಟು ಹೊರಗೆ ಬೀಳುತ್ತಿತ್ತು. ಅದಕ್ಕೆ ಕಾಗದದಲ್ಲೂ ತಲೆ ಆಡಿಸಿದೆ.

ಯಾಕೆ ಮುಚ್ಚಿಟ್ಟೆ ಎನ್ನುತ್ತೀಯ. ನಮ್ಮತ್ತೆ ಆಂಜಿನಮ್ಮನನ್ನು ನೀನು ನೋಡಿದ್ದೀಯ. ಆಕೆಗೆ ಕಿವಿ ಹೋದ ಮೇಲೆ ಜಗಲಿಯ ಮೇಲೆ ತಟ್ಟೆ ಇಟ್ಟು ಬರುತ್ತಿದ್ದೆವು. ಆಕೆಯನ್ನು ಏನೂ ಕೇಳುತ್ತಿರಲಿಲ್ಲ. ಆಕೆಯ ಒಡವೆ ಮುರಿಸುವಾಗಲೂ ಕೇಳಲಿಲ್ಲ. ‘ಆಯಮ್ಮನಿಗೆ ಕೇಳ್ಸಲ್ಲ ಬಿಡ್ರಿ’ ಎನ್ನುತ್ತಿದ್ದವಳು ನಾನೇ. ಆ ಮಾತು ಈಗ ನನ್ನ ಮನೆಯಲ್ಲಿ ನನಗೇ ಬರುತ್ತದೆ ಎಂದು ಹೆದರಿದೆ.

ಇದನ್ನು ಮೊದಲು ಹೇಳಿದ್ದು ತ್ರಿವೇಣಿಗೆ. ಅವಳ ಜೊತೆ ಬರೆದೇ ಮಾತಾಡುವುದು, ಅಲ್ಲಿ ನಾನು ಕಿವುಡಿಯಲ್ಲ. ನಿನಗೆ ಸಿಟ್ಟಿನ ಕಾಗದ ಹಾಕಿದ ದಿನ ಎಲ್ಲವನ್ನೂ ಅವಳಿಗೆ ಬರೆದೆ. ‘ನಿಮ್ಮಣ್ಣನಿಗೆ ಚೆಪ್ಪೇಯಿ ಪಿನ್ನಮ್ಮ, ಹೇಳ್ಬಿಡಿ. ನಂಗೆ ಹೇಳಿ ಏನು ಬಂತು, ನಾನೇನು ಬಂದು ಬಾಗಿಲಲ್ಲಿ ನಿಂತ್ಕೊಳ್ಳೋಕಾಗುತ್ತಾ’ ಎಂದು ಬರೆದಳು. ದಿನಾ ಅದನ್ನೇ ಬರೆಯುತ್ತಿದ್ದಾಳೆ.

ಈಗ ನೋಡು ನನ್ನ ಗತಿ. ಕೇಳಿಸಲಿಲ್ಲ ಎಂದರೆ, ಕಿವಿ ಕೇಳಿಸದವಳಿಗೆ ಹುಳು ಯಾಕೆ ಎನ್ನುತ್ತಾರೆ. ಕೇಳಿಸಿತ್ತು ಎಂದರೆ ಒಪ್ಪಿದ ಹಾಗಾಯಿತು. ಹೇಗೆ ಹೇಳಿದರೂ ಹುಳುಮನೆ ಹೋಗುತ್ತದೆ.

ಭಾರತಮ್ಮ

*

ಟೇಕಲ್
19 ಮೇ 2025

ನನ್ನ ತಂಗಿ ಭಾರತಮ್ಮನಿಗೆ,

ಇಪ್ಪತ್ತು ದಿನ ಉತ್ತರ ಬರೆಯಲಿಲ್ಲ. ಕಾಗದ ತಲುಪಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ನಿಜ ಹೇಳುತ್ತೇನೆ, ನನಗೆ ನೋವಾಗಿತ್ತು. ಮುಖ ನೋಡದವಳಿಗೆ ಹೇಳಿದೆ, ನನಗೆ ಹೇಳಲಿಲ್ಲ. ಸುನಂದಳ ಹತ್ತಿರ ಅದನ್ನೇ ಹತ್ತು ಸಲ ಹೇಳಿದೆನಂತೆ. ಹನ್ನೊಂದನೇ ಸಲಕ್ಕೆ ಅವಳು ಸೌಟು ಕೆಳಗಿಟ್ಟು, “ನೀವು ಕೇಳಿದ್ದಾದ್ರೂ ಹೆಂಗೆ? ಆಯಮ್ಮನ ಮುಖ ನೋಡ್ಕೊಂಡು ಕೇಳಿದ್ರಾ?” ಎಂದಳು.

ಇಲ್ಲ ಕಣಮ್ಮ. ನಾನು ಆಗ ಬೀಗರ ಕಡೆಯವರಿಗೆ ತಾಂಬೂಲ ಕೊಟ್ಟರೋ ಇಲ್ಲವೋ ಎಂದು ಬಾಗಿಲು ನೋಡುತ್ತಿದ್ದೆ. ನಿನ್ನ ಬದುಕಿನ ಮಾತನ್ನು ಎಂಜಲು ಕೈ ತೊಳೆಯುವ ಜಾಗದಲ್ಲಿ, ಬೇರೆ ಕಡೆ ನೋಡಿಕೊಂಡು ಕೇಳಿದೆ. ಕಿವಿ ಸರಿಯಿದ್ದವರನ್ನೂ ಹಾಗೆ ಕೇಳಬಾರದು.

ಇನ್ನೊಂದು ವಿಷಯ ಮುಚ್ಚಿಟ್ಟಿದ್ದೇನೆ. ಬಿಡುವು ಒಳ್ಳೆಯದು ಎಂದು ನಿನಗೆ ಬರೆದೆನಲ್ಲ, ಅದು ನನ್ನ ಅನುಭವವಲ್ಲ. ಕೆಲಸದಲ್ಲಿದ್ದಾಗ ದಿನಾ ಬೆಳಗ್ಗೆ ಸುತ್ತಿಗೆ ಹಿಡಿದು ಹಳಿಯುದ್ದಕ್ಕೂ ನಡೆದು, ಅದನ್ನು ಬಿಗಿಹಿಡಿದ ಕೀಲಿಗಳನ್ನು ತಟ್ಟುತ್ತಿದ್ದೆ. ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಯಾವುದು ಬಿಗಿ, ಯಾವುದು ಸಡಿಲ ಎಂದು. ರಿಟೈರ್ ಆಗಿ ಹನ್ನೆರಡು ವರ್ಷವಾಯಿತು. ಈಗಲೂ ಬೆಳಗ್ಗೆ ಸ್ಟೇಷನ್ನಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಬರುತ್ತೇನೆ. ವಾಕಿಂಗ್ ಹೋಗುತ್ತೇನೆ ಎಂದು ಸುನಂದಳಿಗೆ ಹೇಳಿದ್ದೇನೆ. ಅವಳಿಗೆ ಗೊತ್ತು. ಕಂದಾಯದ ಚೀಟಿ ಹಿಡಿದು ಜನ ಬರದಿದ್ದರೆ ನಾನು ಯಾವತ್ತೋ ಮೂಲೆ ಸೇರುತ್ತಿದ್ದೆ. ಹೀಗಿದ್ದವನು ನಿನಗೆ ಬಿಡುವು ಕೊಡಿಸಲು ಹೊರಟೆ.

ಮುನೇಶನಿಗೆ ಇದುವರೆಗೂ ಏನೂ ಹೇಳಿಲ್ಲ. ನಿನ್ನ ಕಿವಿಯ ವಿಷಯ ಹೇಳಬೇಕಾದವಳು ನೀನು. ಆದರೆ ನಾನು ಕೇಳಿದ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳುವ ಹಕ್ಕು ನನಗಿದೆ. ಅದನ್ನು ಈಗ ಬೇರೆ ಹಾಳೆಯಲ್ಲಿ ಇನ್ನೊಂದು ಸಲ ಕೇಳಿದ್ದೇನೆ, ಬ್ಯಾಂಡಿಲ್ಲದೆ:

ಭಾರತಮ್ಮ, ನಿನ್ನ ಹುಳುಮನೆಯನ್ನು ಗೋಡೌನಿಗೆ ಕೊಡಲು ನಿನಗೆ ಮನಸ್ಸಿದೆಯೇ?

ಅದರ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ. ನಿನ್ನ ಉತ್ತರ ಬರೆದು ಆ ಹಾಳೆಯನ್ನು ಮುನೇಶನ ಕೈಗೆ ಕೊಡು. ಅವನು ಏನಾದರೂ ಅಂದರೆ ನಾನು ಮೊದಲ ಬಸ್ಸಿಗೆ ಬರುತ್ತೇನೆ. ನೀನು ಕೊಡುತ್ತೇನೆ ಎಂದು ಬರೆದರೂ ನನಗೆ ಬೇಸರವಿಲ್ಲ. ನಿನಗೆ ನಿಜವಾಗಿ ಸಾಕಾಗಿರಬಹುದು. ಕೇಳುವವರೆಗೆ ನನಗೆ ಹೇಗೆ ಗೊತ್ತಾಗಬೇಕು?

ಅಣ್ಣ

*

ತಾಯಲೂರು
28 ಮೇ 2025

ಅಣ್ಣನಿಗೆ,

ನಿನ್ನ ಹಾಳೆಯನ್ನು ಎರಡು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ನಾಲ್ಕು ಬೆರಳು ಜಾಗಕ್ಕೆ ಏನು ಬರೆಯುವುದೆಂದು ಯೋಚಿಸಿದೆ. ಮೈ ದಣಿಯುತ್ತದೆ, ಅದು ಸುಳ್ಳಲ್ಲ. ಮೇಲಿನ ತಟ್ಟೆಗೆ ಕೈ ಎತ್ತುವಾಗ ಭುಜ ಹಿಡಿಯುತ್ತದೆ. ವರ್ಷಕ್ಕೆ ಆರು ಬೆಳೆ ಇನ್ನು ಆಗುವುದಿಲ್ಲ. ಆದರೆ ಮೂರು ಆಗುತ್ತದೆ. ಕಿವಿ ಹೋದ ಮೇಲೂ ಎರಡು ಬೆಳೆ ತೆಗೆದಿದ್ದೇನೆ. ಸದ್ದಿನ ಬದಲು ಹುಳುವಿನ ಹಾಸಿಗೆ ಕೆದಕಿ ಹಿಕ್ಕೆ ನೋಡುತ್ತೇನೆ, ಉಳಿದ ಸೊಪ್ಪು ನೋಡುತ್ತೇನೆ, ನಾಲ್ಕು ಹುಳು ಅಂಗೈಗೆ ತೆಗೆದುಕೊಂಡು ಅವು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ನೋಡುತ್ತೇನೆ. ಮೊದಲಿಗಿಂತ ಹೊತ್ತು ಹಿಡಿಯುತ್ತದೆ ಅಷ್ಟೇ.

ಅದಕ್ಕೆ ‘ಕೊಡುವುದಿಲ್ಲ’ ಎಂದು ಬರೆದೆ. ಅದರ ಕೆಳಗೆ, ‘ಛತ್ರದಲ್ಲಿ ನನಗೆ ಕೇಳಿಸಿರಲಿಲ್ಲ. ಡಿಸೆಂಬರಿನಿಂದ ಕಿವಿ ಸರಿಯಿಲ್ಲ’ ಎಂದೂ ಬರೆದೆ.

ನಿನ್ನೆ ಬೆಳಗ್ಗೆ ಮುನೇಶ ತಿಂಡಿ ತಿನ್ನುವಾಗ ತಟ್ಟೆಯ ಪಕ್ಕ ಇಟ್ಟೆ. ಓದಿದ. ಇನ್ನೊಂದು ಸಲ ಓದಿದ. ಬಯ್ಯುತ್ತಾನೆ ಎಂದು ನಾನು ಒಲೆಯ ಕಡೆ ತಿರುಗಿದೆ. ಅವನು ಎದ್ದು ಬಂದು ನನ್ನ ಎದುರಿಗೆ ನಿಂತು, ಬಾಯಿ ಕಾಣುವ ಹಾಗೆ ಹೇಳಿದ, “ಐದು ತಿಂಗಳಿಂದ ನೀನು ನನ್ನ ಮೇಲೆ ಮುನಿಸ್ಕೊಂಡಿದೀಯ ಅಂದ್ಕೊಂಡಿದ್ದೆ ಕಣಮ್ಮ. ಕರೆದ್ರೆ ತಿರುಗ್ತಿರ್ಲಿಲ್ಲ.” ಅವನ ಕಣ್ಣು ಕೆಂಪಗಾಗಿತ್ತು. ಮುನಿಸಿಕೊಂಡವಳನ್ನು ಯಾಕೆ ಕೆಣಕುವುದೆಂದು ದಿವ್ಯಳೂ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಳಂತೆ. ನಾನು ಅವಳ ಬಾಯಿ ಅಲ್ಲಾಡದ್ದನ್ನು ನೋಡಿ, ಇವಳಿಗೆ ನಾನು ಬೇಡವಾದೆ ಎಂದುಕೊಂಡಿದ್ದೆ.

ಅರುಣ್‌ಕುಮಾರನಿಗೆ ಮಾತು ಕೊಟ್ಟಾಗಿತ್ತು. ಮುನೇಶ ಮುಳಬಾಗಿಲಿಗೆ ಹೋಗಿ ಅವನ ಹತ್ತಿರ ಬೈಸಿಕೊಂಡೇ ಬಂದ. ಅದು ನನ್ನಿಂದ ಆದದ್ದು, ನನಗೆ ಬೇಸರವಿದೆ. ಸೋಮವಾರ ದಿವ್ಯ ನನ್ನನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ಕಿವಿಗೆ ಮಿಷನ್ನು ಕೊಡುತ್ತಾರಂತೆ. ಕೊಟ್ಟರೆ ಹಾಕಿಕೊಳ್ಳುತ್ತೇನೆ, ಇಲ್ಲದಿದ್ದರೆ ಬಿಡುತ್ತೇನೆ. ತ್ರಿವೇಣಿಗೆ ಎಲ್ಲವನ್ನೂ ಬರೆದೆ. ‘ಇನ್ನು ನನ್ನ ಮರೆತುಬಿಡ್ತೀರ ಪಿನ್ನಮ್ಮ’ ಎಂದಳು. ಮಾವು ಮುಗಿದ ಮೇಲೆ ಮನೆಗೆ ಬಾ ಎಂದಿದ್ದೇನೆ. ನೀನು ಹೆದರಬೇಡ, ಫೋಟೋ ಕಳಿಸಿದ್ದಾಳೆ, ಹೆಂಗಸೇ.

ನಿನ್ನೆ ಸಂಜೆ ನಾನು ಹುಳುಮನೆಯ ತಟ್ಟೆಗಳನ್ನು ತೊಳೆದು ಬಿಸಿಲಿಳಿದ ಗೋಡೆಗೆ ಒರಗಿಸುತ್ತಿದ್ದೆ. ಮುನೇಶ ಗೇಟಿನ ಹತ್ತಿರ ಬೈಕ್ ನಿಲ್ಲಿಸಿ ಏನೋ ಕೇಳಿದ. ತಲೆ ಆಡಿಸಲು ಕತ್ತು ತಾನೇ ಬಾಗುತ್ತಿತ್ತು. ತಡೆದೆ. “ಕೇಳಿಸ್ಲಿಲ್ಲ ಕಣೋ, ಇನ್ನೊಂದ್ಸಲ ಹೇಳು” ಎಂದೆ. ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು ಅಣ್ಣ. ಅವನು ಇನ್ನೊಂದು ಸಲ ಕೂಗಿದ. ಆಗಲೂ ಕೇಳಿಸಲಿಲ್ಲ, ಹಾಗೆಂದೆ. ಆಗ ಬೈಕಿನಿಂದ ಇಳಿದು, ಚಪ್ಪಲಿ ಬಿಟ್ಟು, ಹತ್ತಿರ ಬಂದು ತೊಳೆದ ತಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡ.

“ಮುಂದಿನ ಬೆಳೆಗೆ ಎಷ್ಟು ಚಿಟ್ಟೆಯ ಮೊಟ್ಟೆ ಹೇಳ್ಲಿ ಅಂತ ಕೇಳ್ದೆ.”

“ನೂರು” ಎಂದೆ.

ಭಾರತಮ್ಮ